ಹದಿಮೂರೂ ಮುಕ್ಕಾಲರ ಸಾಲು

ಶ್ರೀನಿವಾಸಪುರದ ಡ್ರಾಯಿಂಗ್ ಮೇಷ್ಟ್ರು ಕೋದಂಡರಾಮಪ್ಪನಿಗೆ ಅಳತೆಯ ಹುಚ್ಚು. ಹುಡುಗರ ಗೆರೆ ಕೂದಲೆಳೆಯಷ್ಟು ಸೊಟ್ಟ ಕಂಡರೂ ಬೆರಳ ಗೆಣ್ಣಿಗೆ ಏಟು ಬೀಳುತ್ತಿತ್ತು. ಅಂಥ ಮಹಾನುಭಾವ ಒಡಹುಟ್ಟಿದ ಅಣ್ಣನನ್ನು ಕಳ್ಳನೆಂದದ್ದೂ ಅಳತೆಯನ್ನು ನಂಬಿಯೇ.

ಅವರಪ್ಪ ಜೀವಮಾನವೆಲ್ಲ ಅಂಚೆಚೀಟಿ ಕೂಡಿಟ್ಟವರು. ಅದರಲ್ಲಿ ಯಾವುದೋ ದ್ವೀಪದ ಒಂದು ನೀಲಿ ಚೀಟಿ. ಅಂಚಿನಲ್ಲಿ ಎರಡು ಸೆಂಟಿಮೀಟರಿಗೆ ಹದಿಮೂರೂ ಮುಕ್ಕಾಲು ತೂತಿದ್ದರೆ ಮಾಮೂಲಿ. ಸರಿಯಾಗಿ ಹದಿನಾಲ್ಕಿದ್ದರೆ ಅಪರೂಪ. ಅಪ್ಪನದು ಹದಿನಾಲ್ಕರದು. ಅವರು ತೀರಿಕೊಂಡ ಮೇಲೆ, ದಸರೆ ಕಳೆದು ಪಾಲಾದಾಗ, ಮುಳಬಾಗಿಲಿನ ಅಣ್ಣ ವೆಂಕಟರಾಯಪ್ಪ ಆ ಚೀಟಿಯನ್ನು ತಮ್ಮನಿಗೆ ಬಿಟ್ಟುಕೊಟ್ಟ.

ತೂತು ಅಳೆಯಲೆಂದೇ ಕೋದಂಡರಾಮಪ್ಪ ಒಂದು ಗೇಜು ಇಟ್ಟುಕೊಂಡಿದ್ದ. ಚುಕ್ಕಿಸಾಲುಗಳನ್ನು ಅಚ್ಚುಹಾಕಿದ ರಟ್ಟು ಅದು. ತೂತುಗಳು ಯಾವ ಸಾಲಿನ ಚುಕ್ಕಿಗಳಿಗೆ ಕೂಡಿಕೊಳ್ಳುತ್ತವೋ ಅದರ ಪಕ್ಕದ ಸಂಖ್ಯೆಯೇ ಅಳತೆ. ಅಣ್ಣ ಕೊಟ್ಟ ಚೀಟಿ ಹದಿಮೂರೂ ಮುಕ್ಕಾಲರ ಸಾಲಿಗೆ ಕೂತಿತು. ಅಸಲಿಯನ್ನು ನುಂಗಿ ಮಾಮೂಲಿಯನ್ನು ಕೊಟ್ಟಿದ್ದಾನೆಂದು ಇವನ ಮೈಯೆಲ್ಲ ಉರಿಯಿತು. ಉರಿದು ಸುಮ್ಮನಿದ್ದನೇ? ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಮಾತು ಟೇಕಲ್‌ವರೆಗೂ ಹೋಯಿತು. ಅಣ್ಣನ ಮಗಳು ಆದಿಲಕ್ಷ್ಮಿಯನ್ನು ಒಪ್ಪಿಕೊಂಡಿದ್ದ ಅಲ್ಲಿನ ಬೀಗರು, ತಮ್ಮನಿಗೇ ಟೋಪಿ ಹಾಕಿದವನ ಮನೆಯ ಸಂಬಂಧ ಬೇಡವೆಂದುಬಿಟ್ಟರು.

ಯುದ್ಧದ ಕಾಲ, ಪೆಟ್ರೋಲಿಗೆ ಬರ. ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಮುಖವೆಲ್ಲ ಮಸಿ ಮಾಡಿಕೊಂಡು ಭಾನುವಾರ ವೆಂಕಟರಾಯಪ್ಪ ಬಂದಿಳಿದ. ಕಾಲಿಗೆ ನೀರು ಕೊಟ್ಟರೆ ಮುಟ್ಟಲಿಲ್ಲ. ಉಕ್ಕಿನ ಸ್ಕೇಲೊಂದನ್ನು ತೆಗೆದು ಮೇಜಿನ ಮೇಲೆ ಎಸೆದ.

“ಮಾಡು ಕಣ್ಲಾ ಅಳತೆ, ನನ್ನೆದುರಿಗೇ.”

“ನನ್ ಗೇಜೈತೆ. ನಿನ್ ಸ್ಕೇಲು ಯಾವನಿಗೆ ಬೇಕು?”

“ಅದ್ರಲ್ಲೂ ಮಾಡು, ಇದ್ರಲ್ಲೂ ಮಾಡು. ಕಳ್ಳ ಅಂದ್ಯಲ್ಲ, ತೋರ್ಸು!”

ಕೋದಂಡರಾಮಪ್ಪ ಮೂತಿ ಸೊಟ್ಟ ಮಾಡಿಕೊಂಡು ಚೀಟಿಯನ್ನೂ ಗೇಜನ್ನೂ ತಂದ. ಅಣ್ಣನ ಕಣ್ಣು ಗೇಜಿನ ಮೂಲೆಗಳ ಮೇಲೆ ನಿಂತಿತು. “ಏನ್ಲಾ ಇದು, ಅರಿಸಿನ?”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಗರತ್ನಮ್ಮ ಹೇಳಿದಳು: “ಆಯುಧಪೂಜೆಗೆ ಇವ್ರ ಸಾಮಾನೆಲ್ಲ ತೊಳೆದು ಇಟ್ಟೆ ಭಾವ. ಕೈವಾರ, ಕತ್ತಿ, ಆ ರಟ್ಟು. ಒಂದನ್ನೂ ಬಿಡ್ಬೇಡ ಅಂದಿದ್ರು. ರಟ್ಟು ನೆಂದು ಮೆತ್ತಗಾಗೋಗಿತ್ತು, ಬಿಸ್ಲಲ್ಲಿ ಒಣಗ್ಸಿದೆ.”

ಕೋದಂಡರಾಮಪ್ಪನಿಗೆ ಈಗ ಹೊಳೆಯಿತು. ಹೊಸ ಬಟ್ಟೆಯ ಹಾಗೆ ರಟ್ಟೂ ನೀರಿಗೆ ಬಿದ್ದು ಒಣಗಿದರೆ ಕುಗ್ಗುತ್ತದೆ. ಚುಕ್ಕಿಗಳು ಹತ್ತಿರವಾಗುತ್ತವೆ, ಹದಿನಾಲ್ಕರ ಚೀಟಿ ಹದಿಮೂರೂ ಮುಕ್ಕಾಲರ ಸಾಲಿಗೆ ಹೋಗಿ ಕೂರುತ್ತದೆ. ಅವನು ಚೀಟಿಯನ್ನು ಉಕ್ಕಿನ ಸ್ಕೇಲಿಗೆ ಹಿಡಿದು ಸೂಜಿಮೊನೆಯಲ್ಲಿ ಒಂದೊಂದೇ ತೂತು ಎಣಿಸಿದ. ಸರಿಯಾಗಿ ಹದಿನಾಲ್ಕು.

“ಅಪ್ಪಂದೇ! ಅಪ್ಪನ ಚೀಟೀನೇ ಇದು!” ಸಂತೋಷಕ್ಕೆ ಕುಣಿಯುವುದೊಂದು ಬಾಕಿ.

ವೆಂಕಟರಾಯಪ್ಪನ ದನಿ ಇಳಿಯಿತು. “ಸರಿ. ನಡಿ ಟೇಕಲ್‌ಗೆ. ನನ್ನದು ತಪ್ಪಾಯ್ತು ಅಂತ ಅವ್ರ ಮುಂದೆ ಒಂದ್ಮಾತು ಹೇಳು. ಹುಡುಗಿ ಅನ್ನ ಬಿಟ್ಟು ಕೂತವ್ಳೆ ಕಣೋ.”

“ತೊಳ್ದಿದ್ದು ಇವ್ಳು. ನಾನ್ಯಾಕೆ ತಪ್ಪು ಅನ್ಲಿ? ಮೇಷ್ಟ್ರಿಗೇ ಅಳತೆ ಬರಲ್ಲ ಅಂತ ಊರೆಲ್ಲ ನಗ್ಬೇಕಾ? ಹೋಗ್ಲಿ ಬಿಡು, ಚೀಟಿ ನಿಜವಾದ್ದೇ ಅಂತ ಗೊತ್ತಾಯ್ತಲ್ಲ.” ಹೇಳುವಾಗಲೂ ಅವನ ಕಣ್ಣು ಚೀಟಿ ಬಿಟ್ಟು ಕದಲಲಿಲ್ಲ. ಇಂಥವನನ್ನು ತಮ್ಮ ಎನ್ನಬೇಕೇ?

ವೆಂಕಟರಾಯಪ್ಪ ಕೈ ಚಾಚಿದ. “ಅಮ್ಮಾ, ಕತ್ತರಿ ಕೊಡು.”

ಗಂಗರತ್ನಮ್ಮ ಗಂಡನ ಮುಖ ನೋಡಿದಳು. ಒಳಗೆ ಹೋಗಿ ಹೊಲಿಗೆಯ ಕತ್ತರಿ ತಂದು ಭಾವನ ಕೈಗಿಟ್ಟಳು. ಅವನು ಚೀಟಿ ಕಿತ್ತುಕೊಂಡು ನಾಲ್ಕೂ ಅಂಚನ್ನು ಕರಕರನೆ ಕತ್ತರಿಸಿದ. ನೀಲಿ ಹಲ್ಲುಗಳು ನೆಲದ ಮೇಲೆ ಉದುರಿದವು.

“ಈಗ ಮಾಡು ಕಣ್ಲಾ ಅಳತೆ!” ಎಂದು ಬೋಳು ಚೀಟಿಯನ್ನು ತಮ್ಮನ ಮುಖಕ್ಕೆ ಎಸೆದು, ಅವನು ಹಿಂದಿರುಗಿ ನೋಡದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.

ಕೋದಂಡರಾಮಪ್ಪ ಮಂಡಿಯೂರಿ ಚೂರುಗಳನ್ನು ಆಯುತ್ತಾ ಅರಚಿದ. “ಕತ್ತರಿ ಯಾಕೆ ಕೊಟ್ಟೆಯೇ, ಮನೆಹಾಳಿ?”

“ಅವ್ರು ಕೇಳಿದ್ರು, ಕೊಟ್ಟೆ,” ಎಂದಳು ಗಂಗರತ್ನಮ್ಮ. “ನಿಮ್ಮನ್ನ ಕೇಳಿದ್ದು ಒಂದು ಮಾತು. ನೀವು ಕೊಟ್ರಾ?”