ದುಬಾರಿ ಸ್ಯಾಂಡರ್ ಕೊಳ್ಳಬೇಕೇ ಎಂಬ ಕಥೆಯ ನಾಲ್ಕನೇ ಕರಡು

೧

ಈ ಕಥೆಯನ್ನು ಯಂತ್ರದಿಂದ ಶುರು ಮಾಡಲೋ, ಕೈಯಿಂದ ಶುರು ಮಾಡಲೋ ಎಂದು ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಯಂತ್ರದಿಂದ ಶುರು ಮಾಡಿದರೆ ನಿಮಗೆ ಇದು ಜಾಹೀರಾತಿನ ಹಾಗೆ ಕಾಣುತ್ತದೆ. ಕೈಯಿಂದ ಶುರು ಮಾಡಿದರೆ, ಮೊದಲ ಪುಟದಲ್ಲೇ ಕಣ್ಣೀರು ತರಿಸಲು ಹೊರಟಿದ್ದಾನೆ ಮಹಾರಾಯ ಅನ್ನುತ್ತೀರಿ. ಹಾಗಾಗಿ ಮೇಜಿನಿಂದ ಶುರು ಮಾಡುತ್ತೇನೆ. ಮೇಜಿನ ಮೇಲೆ ಯಾರಿಗೂ ತಕರಾರು ಇರುವುದಿಲ್ಲ.

ಒಂದು ಗ್ರಂಥಾಲಯದ ಓದುವ ಕೋಣೆಗೆ ಒಂದು ಮೇಜು. ಹದಿನಾಲ್ಕು ಜನ ಎದುರುಬದುರು ಕೂತು ಓದುವಷ್ಟು ಉದ್ದ. ಮಾಡುತ್ತಿರುವವರು ಇಬ್ಬರು ಬಡಗಿಗಳು, ಒಡಹುಟ್ಟಿದವರು. ಅಣ್ಣನಿಗೆ ಐವತ್ತೆಂಟು, ತಂಗಿಗೆ ಐವತ್ತು. ಅಣ್ಣ ಕೊಯ್ದು ಕೂಡಿಸುತ್ತಾನೆ, ತಂಗಿ ಉಜ್ಜಿ ನಯ ಮಾಡುತ್ತಾಳೆ. ಉಜ್ಜುವುದಕ್ಕೆ ಇರುವುದು ಸ್ಯಾಂಡರ್: ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಅಡಿಯಲ್ಲಿ ಗಿರಗಿರ ತಿರುಗುವ ಉಜ್ಜುಕಾಗದದ ಬಿಲ್ಲೆ, ಕಿವಿ ಕೊರೆಯುವ ಸದ್ದು. ಅವರದು ಮಾರುಕಟ್ಟೆಯಲ್ಲಿ ಸಿಗುವ ಅತಿ ಅಗ್ಗದ್ದು. ಎರಡು ವರ್ಷಕ್ಕೊಂದು ಸುಟ್ಟುಹೋಗುತ್ತದೆ, ಅಂಥದ್ದೇ ಇನ್ನೊಂದು ಬರುತ್ತದೆ.

(ನನಗೆ ಮರಗೆಲಸ ಗೊತ್ತೇ ಎಂದು ಕೇಳಬೇಡಿ. ನನ್ನ ಹತ್ತಿರ ಬಹಳ ದುಬಾರಿ ಡ್ರಿಲ್ ಒಂದಿದೆ. ಹನ್ನೊಂದು ವರ್ಷದಲ್ಲಿ ಅದು ಐದು ತೂತು ಕೊರೆದಿದೆ, ಅದರಲ್ಲಿ ಮೂರು ತಪ್ಪು ಜಾಗದಲ್ಲಿ. ಉಳಿದೆರಡರ ಮೇಲೆ ನಿಂತ ಶೆಲ್ಫಿನಿಂದ ಪುಸ್ತಕಗಳು ಎಡಕ್ಕೆ ಜಾರುತ್ತವೆ. ದುಬಾರಿ ಯಂತ್ರಗಳ ಬಗ್ಗೆ ಬರೆಯಲು ನನಗಿರುವ ಅರ್ಹತೆ ಇಷ್ಟೇ.)

೨

ಮೊದಲ ಕರಡು ಎಷ್ಟು ಚೆನ್ನಾಗಿತ್ತು ಅಂತೀರಿ! ಅದರಲ್ಲಿ ಒಬ್ಬ ಶ್ರೀಮಂತ ಹವ್ಯಾಸಿ ಇದ್ದ. ಗ್ಯಾರೇಜಿನ ತುಂಬ ಮಿರಮಿರ ಮಿಂಚುವ ಪ್ರೀಮಿಯಂ ಯಂತ್ರಗಳು, ಆದರೆ ನೆಟ್ಟಗೆ ನಿಲ್ಲುವ ಒಂದು ಸ್ಟೂಲ್ ಮಾಡಲು ಬಾರದು. ಎದುರಿಗೆ ನಮ್ಮ ಅಣ್ಣತಂಗಿ, ಗಡಗಡ ಅಲ್ಲಾಡುವ ಅಗ್ಗದ ಸ್ಯಾಂಡರಿನಲ್ಲೇ ಗಾಜಿನಂಥ ಹಲಗೆ ತೆಗೆಯುವವರು. ಕೈಚಳಕ ಇದ್ದರೆ ಯಂತ್ರ ಯಾವುದಾದರೇನು ಎಂಬುದು ಸಾರಾಂಶ. ಜೋರಾಗಿ ಓದಿಕೊಂಡು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕಥೆಯೊಳಗಿಂದ ತಂಗಿ ಎದ್ದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಆ ಹವ್ಯಾಸಿ ಯಾಕೆ ಸೋಲ್ಬೇಕು?"

"ದುಡ್ಡಿದ್ದವನು ಸೋತ್ರೆ ಓದೋರಿಗೆ ಖುಷಿ ಆಗುತ್ತೆ."

"ಆಗ್ಲಿ ಬಿಡಿ. ಅವನ ಯಂತ್ರ ನಡುಗುತ್ತಾ?"

"ಅಂದ್ರೆ?"

"ಹಿಡ್ಕೊಂಡಾಗ ಕೈ ನಡುಗುತ್ತಾ ಅಂತ ಕೇಳ್ದೆ. ಒಂದ್ ಗಂಟೆ ಹಿಡ್ಕೊಂಡ್ ನೋಡಿದೀರಾ ನೀವು? ಕಥೆ ಬರೀತಾರಂತೆ, ಕಥೆ."

ನಾನು ಹಿಡಿದಿರಲಿಲ್ಲ. ಕರಡು ಹರಿದು ಹಾಕಿದೆ. ಹವ್ಯಾಸಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ಬಂದೆ, ಅವನಿಗೂ ಸಮಾಧಾನವಾಯಿತು ಅಂತ ಕಾಣುತ್ತದೆ.

೨ (ಮತ್ತೊಮ್ಮೆ, ಈ ಸಲ ನಡೆದದ್ದನ್ನು ನಡೆದ ಹಾಗೆ)

ಹಲಗೆ ನಯವಾಗಿದೆಯೇ ಎಂದು ನೋಡಲು ತಂಗಿಗೆ ಒಂದು ಪದ್ಧತಿಯಿತ್ತು. ಯಂತ್ರ ಆರಿಸಿ, ಕಣ್ಣು ಮುಚ್ಚಿ, ಬಲಗೈಯ ನಾಲ್ಕು ಬೆರಳ ತುದಿಗಳನ್ನು ಹಲಗೆಯ ಮೇಲೆ ನಿಧಾನವಾಗಿ ಎಳೆಯುವುದು. ಬೆರಳು ಎಲ್ಲಿ ತಡೆಯಿತೋ ಅಲ್ಲಿಗೆ ಮತ್ತೆ ಯಂತ್ರ. ಕಣ್ಣು ಸುಳ್ಳು ಹೇಳುತ್ತದೆ, ಬೆರಳು ಹೇಳುವುದಿಲ್ಲ ಎನ್ನುವುದು ಅವಳ ನಂಬಿಕೆ.

ಈಚಿನ ಕೆಲವು ತಿಂಗಳಿಂದ ಬೆರಳು ಎಲ್ಲೂ ತಡೆಯುತ್ತಿರಲಿಲ್ಲ. ಮೂರು ಸುತ್ತು ಬೇಕಿದ್ದ ಹಲಗೆ ಒಂದೇ ಸುತ್ತಿಗೆ ಬೆಣ್ಣೆಯಾಗುತ್ತಿತ್ತು. ಅವಳು ಹಿಗ್ಗಿಹೋದಳು. "ಈ ವಯಸ್ಸಲ್ಲಿ ಕೈ ಪಳಗಿದೆ ನೋಡಣ್ಣ" ಎಂದು ಹೇಳಿಕೊಂಡು ಓಡಾಡಿದಳು. ಗ್ರಂಥಾಲಯದ ಮೇಜನ್ನು ಹೇಳಿದ ದಿನಕ್ಕಿಂತ ಒಂದು ವಾರ ಮೊದಲೇ ಮುಗಿಸಿ ಪಾಲಿಶ್ ಮಾಮನನ್ನು ಕರೆಸಿದಳು. ಪಾಲಿಶ್ ಮಾಮ ಎಂದರೆ ಅವರ ಮರಕ್ಕೆಲ್ಲ ಬಣ್ಣ ಬಳಿಯುವ ಮುದುಕ, ಯಾರಿಗೂ ನಿಜವಾದ ಮಾವನಲ್ಲ.

ಮಾಮ ಮೇಜಿನ ಒಂದು ತುದಿಗೆ ಬಣ್ಣದ ಬಟ್ಟೆ ಎಳೆದ. ಬಣ್ಣ ಇಳಿದ ಕಡೆಯೆಲ್ಲ ಸುರುಳಿಸುರುಳಿ ಗೀರುಗಳು ಎದ್ದು ಬಂದವು. ಒಂದಲ್ಲ, ನೂರಾರು.

"ಇದೇನಮ್ಮ, ಕೋಳಿ ಕೆದರಿದ ಹಾಗಿದೆ?"

ಅವಳು ಪಕ್ಕದ ಬಣ್ಣವಿಲ್ಲದ ಜಾಗದಲ್ಲಿ ಕಣ್ಣು ಮುಚ್ಚಿ ಬೆರಳೆಳೆದಳು. "ಇಲ್ಲಿ ನಯ ಇದೆಯಲ್ಲ ಮಾಮ."

ಮಾಮ ಮುಟ್ಟಿದ. "ಎಲ್ಲಿ ನಯ? ಬೆರಳಿಗೆ ಗೀರು ಸಿಗುತ್ತಲ್ಲ. ಇಲ್ಲಿ ಸಿಗುತ್ತೆ. ಇಲ್ಲಿ ಸಿಗುತ್ತೆ. ಇಲ್ಲೂ."

ತಂಗಿ ಮೂಲೆಗೆ ಹೋಗಿ ಗರಗಸದಿಂದ ಆಗತಾನೇ ಬಿದ್ದಿದ್ದ ಒಂದು ತುಂಡನ್ನು ಎತ್ತಿಕೊಂಡಳು. ಇನ್ನೂ ಯಾರೂ ಉಜ್ಜಿರದ, ಸಿಬಿರೆದ್ದ ತುಂಡು. ಕಣ್ಣು ಮುಚ್ಚಿ ಅದರ ಮೇಲೆ ಬೆರಳೆಳೆದಳು.

ಅದೂ ನಯವಾಗಿತ್ತು.

ಇಲ್ಲಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಕಥೆಗಾರನಿಗೆ ಎಲ್ಲ ಮೊದಲೇ ಗೊತ್ತಿರುತ್ತದೆ ಎಂದು ನಂಬುವ ಒಳ್ಳೆಯ ಓದುಗರೇ, ನಾನು ಆ ತುಂಡನ್ನು ಅವಳ ಕೈಗೆ ಕೊಟ್ಟಿರಲಿಲ್ಲ.

೪

(ಮೂರನೆಯ ಭಾಗದಲ್ಲಿ ಡಾಕ್ಟರು ಬರುತ್ತಿದ್ದರು, ಹಿನ್ನೆಲೆಯಲ್ಲಿ ಗೋಡೆ ಗಡಿಯಾರ, ಬಿಕ್ಕಳಿಕೆ ಇತ್ಯಾದಿ. ತಂಗಿ ಓದಿ, "ನಾನ್ ಅಲ್ಲಿ ಅಳ್ಲಿಲ್ಲ, ತೆಗೀರಿ" ಎಂದಳು. ತೆಗೆದೆ. ಡಾಕ್ಟರು ಹೇಳಿದ್ದು ಇಷ್ಟು: ವರ್ಷಗಟ್ಟಲೆ ಯಂತ್ರದ ನಡುಕ ಕುಡಿದು ಬೆರಳಿನ ನರ ಸತ್ತಿದೆ. ಹೋದದ್ದು ಬರಬಹುದು, ಬರದೆಯೂ ಇರಬಹುದು. ನಡುಕ ನಿಲ್ಲಿಸದಿದ್ದರೆ ಉಳಿದದ್ದೂ ಹೋಗುತ್ತದೆ.)

ಅಂಗಡಿಯಲ್ಲಿ ದುಬಾರಿ ಸ್ಯಾಂಡರನ್ನು ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು. ಅಂಗಡಿಯವನು ಅದರ ಗುಣಗಾನ ಶುರು ಮಾಡಿದ. ತಂಗಿ ಕೈ ಎತ್ತಿ ಸುಮ್ಮನಾಗಿಸಿ, "ಪ್ಲಗ್ ಹಾಕಪ್ಪ" ಎಂದಳು. ಹಳೆಯದನ್ನು ಹಿಡಿದರೆ ನಡುಕ ಮೊಣಕೈ ದಾಟಿ ಹಲ್ಲಿನವರೆಗೆ ಬರುತ್ತಿತ್ತು. ಇದು ಮಣಿಕಟ್ಟಿನವರೆಗೂ ಬರಲಿಲ್ಲ. ಓಡುತ್ತಿದೆಯೇ ಎಂದು ಬಗ್ಗಿ ನೋಡಿದಳು. ಓಡುತ್ತಿತ್ತು, ಧೂಳೆಲ್ಲ ಕೊಳವೆಯೊಳಗೆ ಹೋಗುತ್ತಿತ್ತು. ಬೆಲೆ ಕೇಳಿದಳು. ಆ ದುಡ್ಡಿಗೆ ಹಳೆಯದರಂಥ ಐದು ಬರುತ್ತಿದ್ದವು.

೫

ಇನ್ನು ಅಣ್ಣನ ಸರದಿ. ಅವನಿಗೆ ನಾನು ಒಳ್ಳೊಳ್ಳೆಯ ಮಾತುಗಳನ್ನೇ ಬರೆದುಕೊಟ್ಟಿದ್ದೆ. ಪಕ್ಷಪಾತ ಮಾಡಿದೆ ಎಂಬ ಅಪವಾದ ಬರಬಾರದು ನೋಡಿ.

"ಐದರ ದುಡ್ಡು ಒಂದಕ್ಕೆ ಸುರಿಯೋದಾ? ಆ ಡಬ್ಬದ ಮೇಲಿರೋ ಹೆಸರಿಗೆ ಅರ್ಧ ದುಡ್ಡು. ಅದು ಇಲ್ಲಿಗೆ ಬಂದು ಹಾಡು ಹೇಳುತ್ತಾ? ನೀನು ಸ್ವಲ್ಪ ದಿನ ರೆಸ್ಟ್ ತಗೋ, ಸರಿಹೋಗುತ್ತೆ. ಇಂಥಾದ್ರಲ್ಲೇ ನಾನು ಇಪ್ಪತ್ತು ವರ್ಷ ಉಜ್ಜಿದೀನಿ. ನನಗೇನಾಯ್ತು?"

ಕೊನೆಯ ವಾಕ್ಯ ಬ್ರಹ್ಮಾಸ್ತ್ರ ಎಂದುಕೊಂಡಿದ್ದೆ. ಆದರೆ ತಂಗಿ ಅವನನ್ನೇ ನೋಡುತ್ತ ನಿಂತಳು. ಅಣ್ಣ ಮಾತಾಡುತ್ತಲೇ ಅಂಗಿಯ ಮೇಲಿನ ಗುಂಡಿ ಹಾಕಲು ಹೆಣಗುತ್ತಿದ್ದ. (ಇದನ್ನು ನಾನು ಬರೆದಿರಲಿಲ್ಲ. ಅವನೇ ಮಾಡಿದ್ದು.)

"ಅಣ್ಣ, ಕೈ ಚಾಚು. ಕಣ್ಣು ಮುಚ್ಚು."

"ಏನಿದು ಮಕ್ಕಳಾಟ?"

"ಮುಚ್ಚು ಅಂದೆ. ಬೆರಳ ಮೇಲೆ ಏನಿಟ್ಟಿದೀನಿ ಹೇಳು."

ಅಣ್ಣ ಯೋಚಿಸಿದ. ಹುಬ್ಬು ಗಂಟಿಕ್ಕಿದ. "ಸ್ಕ್ರೂ," ಎಂದ.

"ಇನ್ನೂ ಏನೂ ಇಟ್ಟಿಲ್ಲ ಅಣ್ಣ."

ಅವನು ಕಣ್ಣು ಬಿಡಲಿಲ್ಲ.

ಏಳು ವರ್ಷದ ಹಿಂದೆ, "ನಿನ್ನ ಕೈ ನನ್ನದಕ್ಕಿಂತ ಸೂಕ್ಷ್ಮ, ಇನ್ಮೇಲೆ ಉಜ್ಜೋ ಕೆಲಸ ನಿಂದು" ಎಂದು ಸ್ಯಾಂಡರನ್ನು ಅವಳಿಗೆ ಒಪ್ಪಿಸಿದವನು ಅವನೇ. ಅವಳು ಅದನ್ನು ಹೊಗಳಿಕೆ ಎಂದುಕೊಂಡು ಊರೆಲ್ಲ ಹೇಳಿಕೊಂಡು ಬಂದಿದ್ದಳು. ನಾನೂ ಹಾಗೇ ತಿಳಿದಿದ್ದೆ. ನನ್ನ ಪಾತ್ರವೊಂದು ನನ್ನಿಂದಲೇ ಏಳು ವರ್ಷ ಇಷ್ಟು ದೊಡ್ಡದನ್ನು ಮುಚ್ಚಿಟ್ಟಿತ್ತು!

"ವಯಸ್ಸಾಯ್ತು ಅಂದ್ಕೊಂಡೆ," ಎಂದ ಅಣ್ಣ. "ಬಡಗಿ ಕೈ ಸತ್ತಿದೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು. ಯಂತ್ರದಿಂದ ಅಂತ ಗೊತ್ತಿದ್ರೆ ನಿನ್ನ ಕೈಗೆ ಕೊಡ್ತಿದ್ನಾ?"

ನಂಬಲೋ ಬೇಡವೋ ನನಗೆ ತಿಳಿಯಲಿಲ್ಲ. ತಂಗಿಗೆ ಸಿಟ್ಟು ನೆತ್ತಿಗೇರಿತ್ತು, ಅಳುವೂ ಬಂದಿತ್ತು. ಎರಡನ್ನೂ ನುಂಗಿಕೊಂಡು ಹೇಳಿದಳು:

"ಆ ಜಗಳ ಆಮೇಲೆ ಆಡೋಣ. ಬಿಡ್ತೀನಿ ಅನ್ಕೋಬೇಡ, ಖಂಡಿತ ಆಡ್ತೀನಿ. ಮೊದಲು ಮೇಜು."

೬

ಮುಕ್ತಾಯ ಅ. ಯಂತ್ರ ಕೊಂಡರು. ಆರು ತಿಂಗಳಲ್ಲಿ ಇಬ್ಬರ ಬೆರಳಿಗೂ ಜೀವ ಬಂತು.

("ಡಾಕ್ಟರೇ ಹೇಳದೆ ಇದ್ದದ್ದನ್ನ ನೀವು ಹೇಳ್ತೀರಾ?" ಎಂದಳು ತಂಗಿ. ಹೊಡೆದು ಹಾಕಿದೆ.)

ಮುಕ್ತಾಯ ಆ. ಮರಗೆಲಸ ಬಿಟ್ಟು ರೆಡಿಮೇಡ್ ಕುರ್ಚಿಗಳ ಅಂಗಡಿ ತೆರೆದರು.

(ಇದನ್ನು ಓದಿ ಇಬ್ಬರೂ ಹಾಳೆಯನ್ನು ನನ್ನ ಕೈಗೇ ವಾಪಸು ಕೊಟ್ಟರು. ನಾನೇ ಹೊಡೆದು ಹಾಕಿದೆ.)

ಮುಕ್ತಾಯ ಇ ಬರೆಯುವಷ್ಟರಲ್ಲಿ ಅವರು ನನ್ನನ್ನು ಕೇಳದೆ ಅಂಗಡಿಗೆ ಹೋಗಿ ಯಂತ್ರ ತಂದೇಬಿಟ್ಟರು. ಹಳೆಯದನ್ನು ಕೊಳ್ಳಲು ಪಕ್ಕದ ಬೀದಿಯವನೊಬ್ಬ ಬಂದು ನಿಂತಿದ್ದ. ಅಣ್ಣ ಇಕ್ಕುಳ ತೆಗೆದುಕೊಂಡು ಅವನ ಎದುರಿಗೇ ಅದರ ವೈರನ್ನು ಬುಡಕ್ಕೆ ಕತ್ತರಿಸಿದ. "ಇದನ್ನ ಇನ್ನೊಬ್ಬರ ಕೈಗೆ ಕೊಡಲ್ಲ ನಾನು," ಎಂದ. ತಂಗಿ ಇಕ್ಕುಳವನ್ನು ಅವನ ಕೈಯಿಂದ ತೆಗೆದು ಜಾಗದಲ್ಲಿ ಇಟ್ಟಳು.

ಹಾಗಾದರೆ ದುಬಾರಿ ಯಂತ್ರಕ್ಕೆ ಅಷ್ಟು ಕೊಡಬಹುದೇ? ಅದೊಂದನ್ನು ತಿಳಿಯಲೆಂದೇ ಇಲ್ಲಿಯವರೆಗೆ ಓದಿದವರಿದ್ದರೆ ನನ್ನ ಉತ್ತರ ಇದು. ನನ್ನಂಥ ಐದು ತೂತಿನ ಗಿರಾಕಿಗೆ ಬೇಡ, ಶುದ್ಧ ದಂಡ. ದಿನಕ್ಕೆ ಆರು ಗಂಟೆ ಹಿಡಿಯುವವರಾದರೆ ಕೊಳ್ಳಿ, ದುಡ್ಡು ಸಾಲದಿದ್ದರೆ ಬೇರೇನನ್ನಾದರೂ ಬಿಟ್ಟು ಕೊಳ್ಳಿ. ಆದರೆ ಅದು ಎಲ್ಲವನ್ನೂ ಸರಿಮಾಡುತ್ತದೆ ಎಂದುಕೊಳ್ಳಬೇಡಿ. ಎಷ್ಟು ದುಡ್ಡು ಕೊಟ್ಟರೂ, ಉಜ್ಜಿದ್ದು ಸಾಕೋ ಇಲ್ಲವೋ ಎಂದು ಅದು ಹೇಳುವುದಿಲ್ಲ. ಅದನ್ನು ಹೇಳಬೇಕಾದ ಎಂಟು ಬೆರಳುಗಳು ಆ ಕೋಣೆಯಲ್ಲಿ ಸುಮ್ಮನಿದ್ದವು.

೭

ಇಲ್ಲಿಗೆ ಒಂದು ಒಳ್ಳೆಯ ಕೊನೆಯ ಸಾಲು ಸಿದ್ಧವಾಗಿತ್ತು. ಬರೆಯಲು ಹೋದೆ. ಯಂತ್ರ ಆರಿತು.

ತಂಗಿ ಮೇಜಿನ ಒಂದು ಬದಿಯಲ್ಲಿ ಬಗ್ಗಿ, ಕಣ್ಣು ಮುಚ್ಚಿ, ಕೆನ್ನೆಯನ್ನು ಹಲಗೆಗೆ ಒತ್ತಿ ನಿಧಾನವಾಗಿ ಸರಿಸಿದಳು. ತಲೆಕೂದಲಿಗೆಲ್ಲ ಮರದ ಹುಡಿ ಮೆತ್ತಿಕೊಂಡಿತು. ಅಣ್ಣ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕನ್ನಡಕ ತೆಗೆದಿಟ್ಟು, ಎದುರು ಬದಿಯಲ್ಲಿ ತಾನೂ ಬಗ್ಗಿ ಕೆನ್ನೆ ಇಟ್ಟ. ಇಬ್ಬರ ಮುಖಗಳ ನಡುವೆ ಒಂದು ಗೇಣು ಮರ.

"ಇಲ್ಲಿ ಸಿಗ್ತಿದೆ," ಎಂದ ಅಣ್ಣ.

"ಎಲ್ಲಿ?"

"ನನ್ನ ದವಡೆ ಕೆಳಗೆ. ಸಣ್ಣದು. ಆದ್ರೆ ಇದೆ."

"ನಿಜವಾಗ್ಲೂ ಸಿಗ್ತಿದೆಯಾ, ಊಹೆಯಾ?"

"ನಿಜವಾಗ್ಲೂ."

ಅವಳು ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದಳು. ಮತ್ತೆ ಯಂತ್ರ ಎತ್ತಿಕೊಂಡಳು.

"ಒಂದು ನಿಮಿಷ, ಇಲ್ಲಿಗೆ ಕಥೆ ಮುಗಿಸ್ಲಾ?" ಎಂದೆ.

"ಎರಡು ಜನ ಕೂರೋ ಜಾಗ ಆಗಿದೆ," ಎಂದಳು. "ಇನ್ನೂ ಹನ್ನೆರಡು ಬಾಕಿ ಇದೆ. ಆಚೆ ನಿಂತ್ಕೊಳ್ಳಿ, ಬೆಳಕು ಬಿಡಿ."