ಎರಡು ನಿಮಿಷದ ನಿಲುಗಡೆ

ಬಸ್ ಓಡಿಸುವವನು ತಾನೇ ಓಡಲು ಹೊರಟರೆ ಡಿಪೋದವರು ಸುಮ್ಮನಿರುತ್ತಾರೆಯೇ? 'ಗೇರ್ ಎಲ್ಲಿದೆಯಪ್ಪಾ', 'ಡೀಸೆಲ್ ಹಾಕಿಸಿಕೊಂಡೆಯಾ' ಎಂದು ಡ್ರೈವರನ ಕಾಲೆಳೆದದ್ದೇ ಎಳೆದದ್ದು. ಇಪ್ಪತ್ತು ವರ್ಷ ಸೀಟಿನಲ್ಲಿ ಕೂತು ಹೊಟ್ಟೆ ಬೆಳೆಸಿದವನು ನಲವತ್ತೆರಡು ಕಿಲೋಮೀಟರ್ ಓಡುತ್ತೇನೆಂದರೆ ಯಾರಿಗಾದರೂ ನಗು ಬರಬೇಕು. ಸಾಲದ್ದಕ್ಕೆ ಅಭ್ಯಾಸದ ಮೊದಲ ದಿನಗಳಲ್ಲಿ ಪ್ರತಿ ಬಸ್ ನಿಲ್ದಾಣ ಬಂದಾಗಲೂ ಅವನ ಕಾಲು ತಾನಾಗಿಯೇ ನಿಧಾನವಾಗುತ್ತಿತ್ತು. ಒಂದು ದಿನ ಅವನು ಬೆನ್ನ ಮೇಲೆ ಬರೆಸಿದ ಹೊಸ ಬನಿಯನ್ ತೊಟ್ಟು ಬಂದ. 'ನಮ್ಮ ಕಂಡಕ್ಟರಮ್ಮನ ನೆನಪಿಗೆ' ಎಂದಿತ್ತು. ಅಂದಿನಿಂದ ಯಾರೂ ಅವನನ್ನು ರೇಗಿಸಲಿಲ್ಲ.

ಕಂಡಕ್ಟರಮ್ಮ ಅವನ ಒಬ್ಬಳೇ ಮಗಳು. ಹಳೆಯ ಕಾಗದ ಹರಿದು ಟಿಕೆಟ್ ಕೊಡದೆ ಅಮ್ಮನನ್ನು ಅಡುಗೆಮನೆಗೂ ಬಿಡುತ್ತಿರಲಿಲ್ಲ. ಏಳು ತುಂಬುವ ಮೊದಲೇ ರಕ್ತದ ಕ್ಯಾನ್ಸರ್ ಹಿಡಿಯಿತು. ಹನ್ನೊಂದು ತಿಂಗಳು ಆ ಪುಟ್ಟ ಮೈಯನ್ನು ಹಿಂಡಿ ಹಿಪ್ಪೆ ಮಾಡಿ ಕೊಂಡೊಯ್ದಿತು. ಅದಾಗಿ ಎರಡು ವರ್ಷ. ಕ್ಯಾನ್ಸರ್ ಸಂಶೋಧನೆಗಾಗಿ ಓಟ ಎಂದು ಡಿಪೋದ ಗೋಡೆಯ ಮೇಲೆ ಪೋಸ್ಟರ್ ಕಂಡಾಗ ಅವನು ಹಿಂದೆಮುಂದೆ ನೋಡದೆ ಹೆಸರು ಕೊಟ್ಟ. ಓಟದ ದಾರಿ ನೋಡಿದ್ದು ಆಮೇಲೆ. ಮೂವತ್ತೊಂಬತ್ತನೆಯ ಕಿಲೋಮೀಟರಿನಲ್ಲಿ ಅದು ಮಗಳಿದ್ದ ಆಸ್ಪತ್ರೆಯ ಮುಂದೆಯೇ ಹಾದುಹೋಗುತ್ತಿತ್ತು.

ಆಸ್ಪತ್ರೆಯ ನಿಲ್ದಾಣ ಅವನ ಹಳೆಯ ರೂಟಿನದು. ಮಗಳು ಹೋದ ದಿನ ಬೆಳಿಗ್ಗೆ ಹತ್ತೂವರೆಗೆ ಬಸ್ಸು ತಂದು ಅಲ್ಲಿ ನಿಲ್ಲಿಸಿದ್ದ. ಎರಡು ನಿಮಿಷದ ನಿಲುಗಡೆ. ಮೂರನೇ ಮಹಡಿಯ ಕಿಟಕಿಯತ್ತ ಕತ್ತೆತ್ತಿ ನೋಡಿದ. ಒಂದೇ ಓಟಕ್ಕೆ ಹೋಗಿ ಮುಖ ನೋಡಿ ಬರಬಹುದಿತ್ತು. ಆದರೆ ಬಸ್ಸು ತುಂಬಿತ್ತು. ಟ್ರಿಪ್ ಮುಗಿಸಿ ಬಂದರಾಯಿತು ಎಂದುಕೊಂಡ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈ ಮಾತನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ರೂಟು ಬದಲಾಯಿಸಿಕೊಂಡು, ಹೊಟ್ಟೆಯಲ್ಲೇ ಇಟ್ಟುಕೊಂಡು ದಿನ ದೂಡುತ್ತಿದ್ದ.

ಓಟದ ದಿನ ಮೂವತ್ತೆಂಟು ಕಿಲೋಮೀಟರ್ ಹೇಗೋ ಏಗಿದ. ಆಸ್ಪತ್ರೆಯ ತಿರುವು ಕಂಡದ್ದೇ ಅವನ ಕಣ್ಣು ಪಕ್ಕದ ಓಣಿಗಳತ್ತ ಹೊರಳಿತು. ಊರಿನ ಓಣಿ ಓಣಿ ಬಲ್ಲವನು. ರಸ್ತೆ ಮುಚ್ಚಿದಾಗ ಬಸ್ಸನ್ನೇ ಸಂದಿಗಳಲ್ಲಿ ನುಗ್ಗಿಸಿದವನಿಗೆ ಎರಡು ಕಾಲು ನುಗ್ಗಿಸುವುದು ಯಾವ ಮಹಾ? ಶೂ ಲೇಸು ಕಟ್ಟುವವನಂತೆ ಬಗ್ಗಿ, ಔಷಧದ ಗೋದಾಮಿನ ಪಕ್ಕದ ಓಣಿಗೆ ಜಾರಿದ. ಒಂದು ಕಿಲೋಮೀಟರ್ ತಪ್ಪಿಸಿ ಸೇತುವೆಯ ಹತ್ತಿರ ಮತ್ತೆ ಗುಂಪು ಸೇರಿದ. ಯಾರೂ ನೋಡಲಿಲ್ಲ.

ಕೊನೆ ಮುಟ್ಟಿದಾಗ ಕೊರಳಿಗೆ ಪದಕ ಬಿತ್ತು. ಡಿಪೋದವರು ಎತ್ತಿ ಕುಣಿಸಿದರು. ಅವನ ಕಣ್ಣು ಹೆಂಡತಿಯನ್ನು ಹುಡುಕುತ್ತಿತ್ತು.

"ನಿಮ್ಮಕ್ಕ ಎಲ್ಲೋ?" ಎಂದು ಭಾವಮೈದನನ್ನು ಕೇಳಿದ.

"ಸಿಗಲಿಲ್ವಾ ಭಾವ? ಆಸ್ಪತ್ರೆ ಸ್ಟಾಪಲ್ಲಿ ನೀರು ಹಿಡ್ಕೊಂಡು ನಿಂತಿದಾಳೆ. ಅಲ್ಲಿ ಅವರಿಗೆ ಕಾಲೇ ಬರಲ್ಲ, ನಾನಿರಬೇಕು ಅಂದ್ಳು. ಫೋನೂ ನನ್ ಹತ್ರಾನೇ ಬಿಟ್ಟು ಹೋದ್ಳು."

ಎರಡು ವರ್ಷದಿಂದ ಅವಳೂ ಆ ಕಡೆ ತಲೆ ಹಾಕಿದವಳಲ್ಲ. ಅಂಥವಳು ತನಗಾಗಿ ಅಲ್ಲಿ ನಿಂತಿದ್ದಾಳೆ, ತಾನು ಕಳ್ಳನ ಹಾಗೆ ಓಣಿ ಹೊಕ್ಕಿದ್ದೇನೆ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಪದಕ ಕಿತ್ತು ಭಾವಮೈದನ ಕೈಗಿಟ್ಟು ಬಂದ ದಾರಿಯಲ್ಲೇ ತಿರುಗಿದ. ಓಡಿದ ಎನ್ನುವ ಹಾಗಿಲ್ಲ, ಕುಂಟಿದ.

ಅವಳು ನಿಲ್ದಾಣದಲ್ಲಿ ಬಾಟಲಿ ಅವಚಿಕೊಂಡು ನಿಂತಿದ್ದಳು. ಕೊನೆಯ ಓಟಗಾರನೂ ಹೋಗಿಯಾಗಿತ್ತು.

"ಎಲ್ಲಿ ಬಿದ್ರೋ ಅಂತ ಜೀವ ಬಾಯಿಗೆ ಬಂದಿತ್ತು ರೀ. ಇದೇನು ಆ ಕಡೆಯಿಂದ?"

"ಇಲ್ಲಿ ಬರೋಕಾಗದೆ ತಪ್ಪಿಸ್ಕೊಂಡು ಹೋದೆ ಕಣೇ."

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಬಾಟಲಿಯ ಮುಚ್ಚಳ ತೆಗೆದು ಕೊಟ್ಟಳು. ಅವನು ಕುಡಿಯದೆ ಮೂರನೇ ಮಹಡಿಯ ಕಿಟಕಿಯತ್ತ ನೋಡಿದ.

"ಆವತ್ತು ಹತ್ತೂವರೆಗೆ ನಾನು ಇಲ್ಲೇ ಬಸ್ ನಿಲ್ಲಿಸಿದ್ದೆ. ಮೇಲೆ ಬರಬಹುದಿತ್ತು. ಬರಲಿಲ್ಲ."

"ಗೊತ್ತು."

"ಏನು ಗೊತ್ತು?"

"ಅವಳೇ ನೋಡಿದ್ಳು. ಕಿಟಕಿ ಕಡೆ ಮುಖ ಮಾಡಿ ಮಲಗಿಸಿದ್ದೆ. 'ಅಮ್ಮಾ, ಅಪ್ಪನ ಬಸ್ಸು' ಅಂದ್ಳು."

"ಆಮೇಲೆ?"



"ಬಾಗಿಲ ಕಡೆ ತಿರುಗಿಸಮ್ಮ ಅಂದ್ಳು. ನೀವು ಬರ್ತೀರಿ ಅಂತ. ಹಾಗೇ ನೋಡ್ತಾ ಇದ್ಳು. ಹೇಳಿದ್ರೆ ನೀವು ಉಳಿಯೋದಿಲ್ಲ ಅಂತ ನುಂಗ್ಕೊಂಡಿದ್ದೆ ರೀ."

ಅವನು ನಿಲ್ದಾಣದ ಬೆಂಚಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ಮಗಳು ಹೋದಾಗಲೂ ಹಾಗೆ ಅತ್ತಿರಲಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು ತಾನೂ ಅತ್ತಳು. ಓಟಕ್ಕೆ ಮುಚ್ಚಿದ್ದ ರಸ್ತೆ ಮತ್ತೆ ಬಿಟ್ಟಿದ್ದರು. ಒಂದು ಬಸ್ಸು ಬಂದು ನಿಂತಿತು. ಡ್ರೈವರ್ ಗುರುತಿನವನೇ, ಬನಿಯನ್ ನೋಡಿ, "ಹತ್ತಪ್ಪಾ, ಬಿಡ್ತೀನಿ" ಎಂದ. ಇವನು ಬೇಡವೆಂದು ಕೈಯಲ್ಲಾಡಿಸಿದ. ಬಸ್ಸು ಹೋಯಿತು.

ಹೆಂಡತಿಯ ಭುಜ ಹಿಡಿದು ಎದ್ದ.

"ಮೂರನೇ ಮಹಡಿಗೆ ಬಿಡ್ತಾರೇನೇ?"

"ಒಳಗೆ ಬಿಡಲ್ಲ. ಬಾಗಿಲ ತನಕ ಬಿಡಬಹುದು."

"ಸಾಕು," ಎಂದ ಅವನು. "ಬಾಗಿಲ ತನಕ ಹೋಗಿ ಬರೋಣ."

ಲಿಫ್ಟಿನ ಮುಂದೆ ಜನ ಸಾಲುಗಟ್ಟಿದ್ದರು. ಇಬ್ಬರೂ ಮೆಟ್ಟಿಲು ಹತ್ತತೊಡಗಿದರು.