ಮಳಿಗೆ ಮಾರಿದ ಮೇಲೆ ಆರು ತಿಂಗಳು

ನಮ್ಮ ಗುಳೇದಗುಡ್ಡದ ಓಣಿಯ ಬಸಲಿಂಗವ್ವನಿಗೆ ಕುಳಗೇರಿ ಕ್ರಾಸಿನಲ್ಲಿ ಎರಡು ಬಾಡಿಗೆ ಮಳಿಗೆಗಳಿದ್ದವು. ತೀರಿಹೋದ ಗಂಡ ಇಪ್ಪತ್ತು ವರ್ಷದ ಹಿಂದೆ ಕೊಂಡದ್ದು. ಬಾಡಿಗೆ ಕೇಳಲು ಹೋದರೆ ಒಬ್ಬ "ನಾಳೆ ಬಾ" ಎನ್ನುತ್ತಿದ್ದ, ಇನ್ನೊಬ್ಬ ಸೋರುವ ತಗಡು ತೋರಿಸುತ್ತಿದ್ದ. ಬೇಸತ್ತು ೨೦೦೩ರ ಏಪ್ರಿಲ್ ಹತ್ತಕ್ಕೆ ಎರಡನ್ನೂ ಮಾರಿ ನೋಂದಣಿ ಮಾಡಿಕೊಟ್ಟಳು. ದುಡ್ಡು ಮಾತ್ರ ಕಂತಿನಲ್ಲಿ ಬಂತು. ಮಗಳು ಚೇತನಾ ಓದು ಮುಗಿಸಿದ ಮೇಲೆ ಆ ದುಡ್ಡಿನಲ್ಲಿ ರವಿಕೆಯ ಖಣದ ಅಂಗಡಿ ಹಾಕಿಕೊಡಬೇಕೆಂಬುದು ಅವಳ ಆಸೆ.

ಗಾಂಧಿ ಜಯಂತಿಯ ರಜೆಯ ದಿನ ನಮ್ಮ ಮಹಿಳಾ ಸಂಘದ ಸಭೆ ಬಸಲಿಂಗವ್ವನ ಮಗ್ಗದ ಮನೆಯಲ್ಲಿತ್ತು. ಇಂದ್ರಾಬಾಯಿಯೂ ಬಂದಿದ್ದಳು. ಬಾಗಲಕೋಟೆಯ ತೆರಿಗೆ ವಕೀಲರ ಕಚೇರಿಯಲ್ಲಿ ಹದಿನೈದು ವರ್ಷದಿಂದ ಕೆಲಸ ಮಾಡುವ ಹೆಂಗಸು. ಏನು ತಲೆ ಅಂತೀರಿ ಅವಳದು!

"ಅಕ್ಕಾ, ಮಳಗಿ ಮಾರಿದ ಲಾಭಕ್ಕ ತೆರಿಗಿ ಬರತೈತಿ, ಗೊತ್ತೈತೇನ್ರಿ?" ಎಂದು ಕೇಳಿದಳು.

"ಅಯ್ಯ, ಹೆದರಸಬ್ಯಾಡ! ನನ್ನ ಮಳಗಿ, ನನ್ನ ರೊಕ್ಕ. ಬ್ಯಾಂಕಿನಾಗ ಠೇವಣಿ ಇಟ್ಟೇನಿ, ಸಾಕಲ್ಲ?"

"ಸಾಲೂದಿಲ್ರಿ. ಲಾಭದಾಗ ಐದರಾಗ ಒಂದು ಪಾಲು ತೆರಿಗಿಗೆ ಹೋಗತೈತಿ. ಆದ್ರ ದಾರಿ ಐತಿ. ಮೂರು ವರ್ಷಕ್ಕಿಂತ ಹೆಚ್ಚು ಇಟ್ಕೊಂಡ ಆಸ್ತಿ ಮಾರಿದ್ರ, ಬಂದ ಲಾಭಾನ ಆರು ತಿಂಗಳದೊಳಗ ಸರಕಾರ ಗೊತ್ತುಮಾಡಿದ ಬಾಂಡಿನಾಗ ಹಾಕಬೇಕು. ಆವಾಗ ಆ ತೆರಿಗಿ ಇಲ್ಲ. ಬಾಡಿಗಿ ಕೇಳಾಕ ಬಸ್ ಹತ್ತೂದೂ ಇಲ್ಲ, ಕುಂತಲ್ಲೇ ಬಡ್ಡಿ ಬರತೈತಿ. ಬಡ್ಡಿಗೆ ಮಾತ್ರ ತೆರಿಗಿ ಲೆಕ್ಕ ಐತಿ."

"ಕೊಟ್ಟ ರೊಕ್ಕ ಯಾವಾಗ ತಿರುಗಿ ಬರತೈತವ್ವ?"

"ಮೂರು ವರ್ಷಕ್ಕ. ಅಲ್ಲೀತನ ಮಾರಂಗಿಲ್ಲ, ಅದರ ಮ್ಯಾಲ ಸಾಲಾನೂ ತಗೊಳ್ಳಂಗಿಲ್ಲ. ಮಾರಿದ್ರ, ಸಾಲ ತಗೊಂಡ್ರ ಉಳಿಸಿದ ತೆರಿಗಿ ಬೆನ್ನ ಹತ್ತತೈತಿ. ಚೇತನಾನ ಓದೂ ಅಷ್ಟೊತ್ತಿಗೆ ಮುಗೀತದಲ್ರಿ."

"ಹಂಗಾದ್ರ ಅವಸರ ಯಾಕ? ಕಡೀ ಕಂತು ಜುಲೈದಾಗ ಬಂತು. ಜನವರಿತನ ಟೈಮ್ ಐತಿ."

ನಾವೆಲ್ಲ ಹೂಂಗುಟ್ಟಿದೆವು. ನೇಕಾರರ ಲೆಕ್ಕವೇ ಹಾಗೆ. ಹಾಸಿನ ನೂಲು ಮಗ್ಗಕ್ಕೆ ಏರಿದ ದಿನ ನಮಗೆ ದಿನವಲ್ಲ, ಖಣ ಮುಟ್ಟಿಸಿ ಕೂಲಿ ಕೈಗೆ ಬಂದ ದಿನವೇ ದಿನ. ಇಂದ್ರಾಬಾಯಿ ಮಾತ್ರ ಎದ್ದು ನಿಂತಳು.

"ಇಲ್ರೀ ಅಕ್ಕಾ! ಕಡೀ ಕಂತಿನಿಂದ ಅಲ್ಲ, ಮಾರಿ ನೋಂದಣಿ ಮಾಡಿಕೊಟ್ಟ ದಿನದಿಂದ ಎಣಿಸಬೇಕು. ಇದ ತಿಂಗಳ ಹತ್ತಕ್ಕ ಆರು ತಿಂಗಳು ಮುಗೀತಾವ. ಇನ್ನ ಬರೇ ಎಂಟು ದಿನ!"

"ಯವ್ವಾ, ನನ್ನ ಮಗಳ ಅಂಗಡಿ..." ಬಸಲಿಂಗವ್ವನ ಕಣ್ಣು ತುಂಬಿದವು.

"ಅಳೂದು ಬಿಡ್ರಿ. ಠೇವಣಿ ಮುರೀರಿ. ನಾಳೆ ನಾನೂ ರಜಾ ಹಾಕ್ತೇನಿ."

ಹಾಕಿಯೇ ಬಂದಳು. ಮಳಿಗೆ ಕೊಂಡ ಪತ್ರ, ಮಾರಿದ ಪತ್ರ ಹುಡುಕಿಸಿದಳು. ಲಾಭವೆಷ್ಟೆಂದು ವಕೀಲರಿಂದ ಲೆಕ್ಕ ಹಾಕಿಸಿದಳು. ಏಳನೆಯ ತಾರೀಖು ಬಾಗಲಕೋಟೆಯಲ್ಲಿ ಬಾಂಡಿನ ಅರ್ಜಿ, ಚೆಕ್ಕು ಎರಡೂ ಸೇರಿದವು. ಅಷ್ಟೆಲ್ಲ ಓಡಾಡಿ ಅವಳು ತೆಗೆದುಕೊಂಡದ್ದು ಅರ್ಧ ಕಪ್ ಚಹಾ. ಇಂಥವಳು ನಮ್ಮ ಸಂಘದಲ್ಲಿದ್ದಾಳೆಂದು ನನಗೆ ಭಾರಿ ಹೆಮ್ಮೆ.

ಮೂರು ವರ್ಷಕ್ಕೆ ಬಾಂಡಿನ ದುಡ್ಡು ಪೂರ್ತಿ ಕೈಸೇರಿತು. ಚೇತನಾಳ ಅಂಗಡಿ ತೆರೆದ ದಿನ ಬಸಲಿಂಗವ್ವ ಮೊದಲ ಖಣವನ್ನು ಮಾರಲಿಲ್ಲ. ಅದನ್ನಿಟ್ಟು ಇಂದ್ರಾಬಾಯಿಯ ಉಡಿ ತುಂಬಿದಳು.

ಬಾಡಿಗೆ ಮನೆ, ಮಳಿಗೆ ಮಾರುವ ಅಕ್ಕ-ಅಣ್ಣಂದಿರೇ, ನೋಂದಣಿಯ ತಾರೀಖನ್ನು ಅಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಿಯಮಗಳು ಬದಲಾಗುತ್ತಿರುತ್ತವೆ, ತಿಳಿದವರನ್ನು ಕೇಳಿ. ಕಡೆಯ ಕಂತಿಗೆ ಕಾಯುತ್ತ ಕೂತವರಿಗಾಗಿ ಕಾನೂನು ಕಾಯುವುದಿಲ್ಲ.